ಕಿವಿ ಮೊದಲು, ಕೊರಳು ಆಮೇಲೆ

(ಮೈಸೂರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಶಿಕ್ಷಕರು ಮತ್ತು ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ದಾರಿ ತಪ್ಪಿದ ಕೆಲವು ಕಡೆ ತಿದ್ದಿದ್ದೇನೆ. ದಾರಿ ತಪ್ಪಿದ್ದೇ ಚೆನ್ನಾಗಿತ್ತು ಅನ್ನಿಸಿದ ಕಡೆ ಹಾಗೇ ಬಿಟ್ಟಿದ್ದೇನೆ.)

ನಾವಿಲ್ಲಿ ಸೇರುವ ಹೊತ್ತಿಗೆ ಹೊರಗಿನ ಮಾವಿನ ಮರದಲ್ಲಿ ಕೋಗಿಲೆ ಕೂಗುತ್ತಿತ್ತು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವರು ಒಂದು ಗಳಿಗೆ ನಿಂತು ಕೇಳಿಯೇ ಒಳಗೆ ಬಂದಿರಿ. ಅದೇ ಮರದ ಮೇಲುಕೊಂಬೆಯಲ್ಲಿ ಕಾಗೆಯೂ ಕುಳಿತು ತನ್ನ ಪಾಡಿಗೆ ಅರಚುತ್ತಿತ್ತು. ಅದರ ಕಡೆ ಯಾರೂ ತಲೆಯೆತ್ತಲಿಲ್ಲ.

ಮೂವತ್ತೆರಡು ವರ್ಷ ಪ್ರಾಣಿಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು ನಾನು. ಪ್ರತಿ ವರ್ಷ ಹೊಸ ತರಗತಿಗೆ ಮೊದಲ ದಿನ ಒಂದೇ ಪ್ರಶ್ನೆ ಕೇಳುತ್ತಿದ್ದೆ: ಕಾಗೆ, ಕೋಗಿಲೆ ಎರಡರಲ್ಲಿ ಹಾಡುಹಕ್ಕಿ ಯಾವುದು? ಇಡೀ ತರಗತಿ ಕೋಗಿಲೆ ಎನ್ನುತ್ತಿತ್ತು. ಇಡೀ ತರಗತಿಗೆ ಸೊನ್ನೆ. ಹಕ್ಕಿಗಳ ವರ್ಗೀಕರಣದಲ್ಲಿ ಹಾಡುಹಕ್ಕಿಗಳ ಬಳಗಕ್ಕೆ ಸೇರಿರುವುದು ಕಾಗೆ. ಕೋಗಿಲೆಗೆ ಅಲ್ಲಿ ಜಾಗವಿಲ್ಲ. ದನಿ ಇಂಪೋ ಕರ್ಕಶವೋ ಎನ್ನುವುದನ್ನು ಆ ಲೆಕ್ಕ ನೋಡುವುದಿಲ್ಲ. ಶ್ವಾಸನಾಳ ಎರಡಾಗಿ ಕವಲೊಡೆಯುವಲ್ಲಿ ಹಕ್ಕಿಗಳಿಗೆ ಒಂದು ಧ್ವನಿಪೆಟ್ಟಿಗೆ ಇದೆ. ಅದರ ಸ್ನಾಯುಗಳ ಜೋಡಣೆ ಈ ಬಳಗದಲ್ಲಿ ಬೇರೆಯೇ ರೀತಿಯದು. ಅದಕ್ಕಿಂತ ದೊಡ್ಡ ಹೆಗ್ಗುರುತು, ಇನ್ನೊಬ್ಬರಿಂದ ಕೇಳಿ ಕಲಿಯುವ ಶಕ್ತಿ.

ಕೋಗಿಲೆಯ ಮರಿಯನ್ನು ನೆನೆಸಿಕೊಳ್ಳಿ. ಕಾಗೆಯ ಗೂಡಿನಲ್ಲಿ ಮೊಟ್ಟೆಯೊಡೆದು ಬರುತ್ತದೆ, ಕಾಗೆಯ ಕೊಕ್ಕಿನಿಂದ ತುತ್ತು ತಿನ್ನುತ್ತದೆ, ಬೆಳಗಿನಿಂದ ಬೈಗಿನವರೆಗೆ ಕಾ ಕಾ ಕೇಳುತ್ತ ಬೆಳೆಯುತ್ತದೆ. ಆದರೂ ಪ್ರಾಯಕ್ಕೆ ಬಂದ ಗಂಡು ಕೂಗುವುದು ಕುಹೂ ಎಂದೇ. ಹಳೆಯ ಕವಿಗಳು ಅದನ್ನು ಪರಪುಟ್ಟ ಎಂದರು, ಅಂದರೆ ಪರರು ಸಾಕಿದ್ದು. ಸಾಕಿದವರ ನುಡಿ ಮಾತ್ರ ಅದಕ್ಕೆ ಅಂಟಲಿಲ್ಲ. ಕೂಗನ್ನು ಹುಟ್ಟುವಾಗಲೇ ತಂದಿರುತ್ತದೆ. ಹಸು, ನಾಯಿ, ಕೋಳಿ ಎಲ್ಲವೂ ಹೆಚ್ಚು ಕಡಿಮೆ ಹೀಗೆಯೇ. ಕೇಳಿ, ಕೇಳಿದ್ದನ್ನು ಅನುಕರಿಸಿ ಹೊಸ ದನಿ ಕಲಿಯುವ ಜೀವಿಗಳು ಜಗತ್ತಿನಲ್ಲಿ ಬಹಳ ಕಡಿಮೆ. ಹಕ್ಕಿಗಳಲ್ಲಿ ಹಾಡುಹಕ್ಕಿ, ಗಿಳಿ, ಝೇಂಕಾರದ ಹಕ್ಕಿ (ಹಮ್ಮಿಂಗ್‌ಬರ್ಡ್) ಎಂಬ ಮೂರು ಗುಂಪು. ಸಸ್ತನಿಗಳಲ್ಲಿ ತಿಮಿಂಗಿಲ, ಡಾಲ್ಫಿನ್, ಬಾವಲಿ, ಸೀಲ್, ಆನೆ. ಮತ್ತೆ ನಾವು. ನಮಗೆ ಅತಿ ಹತ್ತಿರದ ನೆಂಟರಾದ ಚಿಂಪಾಂಜಿಗಳು ಈ ವಿದ್ಯೆಯಲ್ಲಿ ಬಹಳ ಹಿಂದೆ. ಹಾಗಾಗಿ ಮಗು ಮಾತು ಕಲಿಯುವುದು ಹೇಗೆ ಎಂದು ತಿಳಿಯಬೇಕಾದವರು ವಾನರರನ್ನು ಬಿಟ್ಟು ಗುಬ್ಬಿಗಳ ಹಿಂದೆ ಬಿದ್ದರು. ಇವತ್ತಿನ ನನ್ನ ಕಥೆ ಅವರದು.

ಕಥೆ ಶುರುವಾಗುವುದು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ, 1950ರ ದಶಕದಲ್ಲಿ. ಹಕ್ಕಿಯ ಹಾಡನ್ನು ಅಧ್ಯಯನ ಮಾಡುವುದಕ್ಕೆ ಅಲ್ಲಿಯವರೆಗೆ ಇದ್ದ ಮುಖ್ಯ ಸಾಧನ ಕೇಳುಗನ ಕಿವಿ ಮತ್ತು ಪೆನ್ಸಿಲ್. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಒಂದು ಯಂತ್ರ ರೂಪುಗೊಂಡಿತು. ಅದು ದನಿಯನ್ನು ಕಾಗದದ ಮೇಲೆ ಚಿತ್ರವಾಗಿ ಇಳಿಸುತ್ತಿತ್ತು: ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಸ್ವರದ ಎತ್ತರ. ವಿಲಿಯಂ ಥಾರ್ಪ್ ಎಂಬ ಪ್ರಾಣಿವಿಜ್ಞಾನಿ ಅಂಥದೊಂದನ್ನು ತರಿಸಿಕೊಂಡು ಚಾಫಿಂಚ್ ಎಂಬ ಪುಟ್ಟ ಹಕ್ಕಿಯ ಹಾಡನ್ನು ಬರೆಸತೊಡಗಿದರು. ದೊಡ್ಡ ಹಕ್ಕಿಗಳ ದನಿಯೇ ಕೇಳದಂತೆ ಮರಿಗಳನ್ನು ಬೇರೆಯಾಗಿ ಸಾಕಿದರೆ ಅವು ಹಾಡುತ್ತಿದ್ದವು, ಆದರೆ ಆ ಹಾಡು ಮೊಂಡು. ಉದ್ದ ಸರಿ, ಬಳುಕು ಇಲ್ಲ, ಕೊನೆಯ ತಿರುವು ಇಲ್ಲ. ಹಾಡಿನ ಬೀಜ ಮಾತ್ರ ಹುಟ್ಟಿನಿಂದ ಬರುತ್ತದೆ, ಉಳಿದದ್ದನ್ನು ಕೇಳಿಯೇ ತುಂಬಿಕೊಳ್ಳಬೇಕು ಎಂದು ಮೊದಲ ಬಾರಿಗೆ ಕಾಗದದ ಮೇಲೆ ಕಂಡಿತು.

ಥಾರ್ಪ್ ಅವರ ಶಿಷ್ಯ ಪೀಟರ್ ಮಾರ್ಲರ್ ಮೊದಲು ಸಸ್ಯವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ಗಿಡ ಹುಡುಕಿಕೊಂಡು ಊರೂರು ತಿರುಗುವಾಗ ಒಂದು ಕಣಿವೆಯ ಚಾಫಿಂಚ್ ಇನ್ನೊಂದು ಕಣಿವೆಯದರಂತೆ ಹಾಡುವುದಿಲ್ಲ ಎಂಬುದು ಅವರ ಕಿವಿಗೆ ಬಿತ್ತು. ಗಿಡ ಬಿಟ್ಟು ಹಕ್ಕಿ ಹಿಡಿದರು, ಎರಡನೆಯ ಡಾಕ್ಟರೇಟ್ ಮಾಡಿದರು. 1957ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಹೋದಾಗ ಅಲ್ಲಿ ಸಿಕ್ಕಿದ್ದು ನೆತ್ತಿಯ ಮೇಲೆ ಬಿಳಿ ಪಟ್ಟೆಯ ಒಂದು ಗುಬ್ಬಿ. ನಮ್ಮ ಮನೆಗುಬ್ಬಿಯ ಜಾತಿಯಲ್ಲ, ಬೇರೆ ಕುಟುಂಬ. ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ಒಂದೊಂದು ಊರಿನಲ್ಲೂ ಇದಕ್ಕೆ ಒಂದೊಂದು ಧಾಟಿ. ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ, ನಮ್ಮ ಮೈಸೂರಿನ ಕನ್ನಡ ಇದ್ದ ಹಾಗೆ. ಬಾಯಿ ತೆರೆದ ಕೂಡಲೇ ಊರು ಗೊತ್ತಾಗುತ್ತದೆ.

ಮಾರ್ಲರ್ ಮರಿಗಳನ್ನು ತಂದು ಧ್ವನಿಮುದ್ರಣ ಕೇಳಿಸಿದರು. ಬೇರೆ ಬೇರೆ ವಯಸ್ಸಿನ ಮರಿಗಳಿಗೆ ಕೇಳಿಸಿ ನೋಡಿದಾಗ ಲೆಕ್ಕ ಸಿಕ್ಕಿತು: ಸುಮಾರು 10ನೇ ದಿನದಿಂದ 50ನೇ ದಿನದ ಒಳಗೆ ಕೇಳಿದ್ದು ಮನಸ್ಸಿಗೆ ಇಳಿಯುತ್ತದೆ. ಅದಕ್ಕಿಂತ ತಡವಾಗಿ ಟೇಪ್ ಹಾಕಿದರೆ ಪ್ರಯೋಜನವಿಲ್ಲ. ತನ್ನ ಜಾತಿಯ ಹಾಡು, ಇನ್ನೊಂದು ಜಾತಿಯ ಹಾಡು ಎರಡನ್ನೂ ಕೇಳಿಸಿದರೆ ಮರಿ ತನ್ನದನ್ನೇ ಆರಿಸಿಕೊಳ್ಳುತ್ತದೆ. ನನಗೆ ಇಂದಿಗೂ ಬೆರಗೆನಿಸುವುದು ಮುಂದಿನ ಸಂಗತಿ. ಕೇಳುವ ಆ ದಿನಗಳಲ್ಲಿ ಮರಿ ಹಾಡುವುದೇ ಇಲ್ಲ. ಕೇಳಿಸಿಕೊಂಡು ಸುಮ್ಮನಾಗುತ್ತದೆ. ತಿಂಗಳುಗಳು ಕಳೆಯುತ್ತವೆ. ಯಾವಾಗಲೋ ಒಂದು ದಿನ, ಕಲಿಸಿದ ಹಕ್ಕಿ ಹತ್ತಿರವೇ ಇಲ್ಲದಿದ್ದರೂ, ಹಿಂದೆ ಕೇಳಿದ್ದನ್ನು ಹೊರಗೆ ತೆಗೆಯಲು ಶುರು ಮಾಡುತ್ತದೆ.

ಈ 10ರಿಂದ 50ನೇ ದಿನದ ಕಾಲಕ್ಕೆ ಪಠ್ಯಪುಸ್ತಕದಲ್ಲಿ ಸೂಕ್ಷ್ಮ ಅವಧಿ ಎಂದು ಬರೆಯುತ್ತಾರೆ. ನಾನು ತರಗತಿಯಲ್ಲಿ ಹದ ಎನ್ನುತ್ತಿದ್ದೆ. ಮಳೆ ಬಿದ್ದ ಮೇಲೆ ಮಣ್ಣಿಗೆ ಹದ ಬರುತ್ತದಲ್ಲ, ಅದು. ಹಳ್ಳಿಯಿಂದ ಬಂದ ಹುಡುಗರಿಗೆ ಆ ಮೇಲೆ ವಿವರಣೆಯೇ ಬೇಕಾಗುತ್ತಿರಲಿಲ್ಲ. ಬೀಜ ಒಳ್ಳೆಯದಿದ್ದರೆ ಸಾಲದು, ಹದ ತಪ್ಪಿದರೆ ಮೊಳಕೆ ಬಾರದು ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಮಾರ್ಲರ್ ಅವರ ಶಿಷ್ಯರಲ್ಲಿ ಮಸಕಾಜು ಕೊನಿಶಿ ಎಂಬ ಜಪಾನಿನ ಯುವಕನಿದ್ದ. ಕ್ಯೋಟೊದಲ್ಲಿ ಹುಟ್ಟಿ, ಹೊಕ್ಕೈಡೊದಲ್ಲಿ ಓದಿ, ಬರ್ಕ್ಲಿಗೆ ಬಂದವನು. ಅವನು ಕೇಳಿದ ಪ್ರಶ್ನೆ ಬಹಳ ಸರಳ. ಮರಿ ಹದದ ಕಾಲದಲ್ಲಿ ಎಲ್ಲವನ್ನೂ ಚೆನ್ನಾಗಿ ಕೇಳಿದೆ. ಇನ್ನೂ ಹಾಡಲು ಶುರು ಮಾಡಿಲ್ಲ. ಈಗ ಅದರ ಕಿವಿಯೇ ಇಲ್ಲವಾದರೆ? ಹಾಡು ಮನಸ್ಸಿನಲ್ಲಿ ಇದ್ದೇ ಇದೆಯಲ್ಲ, ಹೊರಗೆ ಬರಬೇಕಲ್ಲವೇ?

ಬರಲಿಲ್ಲ. 1965ರಲ್ಲಿ ಪ್ರಕಟವಾದ ಆ ಪ್ರಬಂಧದ ಚಿತ್ರಗಳನ್ನು ನಾನು ವಿದ್ಯಾರ್ಥಿಯಾಗಿದ್ದಾಗ ಮೊದಲು ನೋಡಿದೆ. ಕಾಡಿನ ಹಕ್ಕಿಯ ಹಾಡಿನ ಚಿತ್ರ ರಂಗೋಲಿಯ ಎಳೆಯಂತೆ ಸ್ಪಷ್ಟ. ಒಂಟಿಯಾಗಿ ಬೆಳೆದ ಹಕ್ಕಿಯದು ಒರಟು, ಆದರೂ ಎಳೆ ಗುರುತಿಸಬಹುದು. ಕಿವುಡಾದ ಹಕ್ಕಿಯದು ಮಳೆಹನಿ ಬಿದ್ದು ಚದುರಿದ ರಂಗೋಲಿ ಹುಡಿ. ಬೇರೆ ಹಕ್ಕಿಯ ಹಾಡನ್ನು ಕೇಳದೆ ಒಂಟಿಯಾಗಿ ಬೆಳೆದ ಹಕ್ಕಿಗಿಂತಲೂ ಎಲ್ಲವನ್ನೂ ಕೇಳಿ ಆಮೇಲೆ ಕಿವುಡಾದ ಹಕ್ಕಿಯ ಹಾಡು ಕೆಟ್ಟದಾಗಿತ್ತು. ಅಂದರೆ ಮನಸ್ಸಿನಲ್ಲಿ ಅಚ್ಚು ಇದ್ದರೆ ಸಾಲದು. ಹಕ್ಕಿ ತನ್ನ ದನಿಯನ್ನು ತಾನೇ ಕೇಳಿ, ಒಳಗಿನ ಅಚ್ಚಿಗೆ ಹೋಲಿಸಿ, ತಪ್ಪಿದ್ದನ್ನು ತಿದ್ದಿ, ಮತ್ತೆ ಹಾಡಿ ಕೇಳಬೇಕು. ಹಾಡು ಒಮ್ಮೆ ಗಟ್ಟಿಯಾಗಿ ಕೂತ ಮೇಲೆ ಕಿವುಡಾದ ಗುಬ್ಬಿಗಳು ಹಳೆಯ ಹಾಡನ್ನು ಉಳಿಸಿಕೊಂಡವು. ಕಲಿಯುವಾಗ ಬೇಕಾದ ಕಿವಿ ಕಲಿತ ಮೇಲೆ ಅಷ್ಟಾಗಿ ಬೇಕಾಗಲಿಲ್ಲ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಹಾಡುವ ಹಕ್ಕಿಯ ಕಿವಿ ಕೀಳುವುದು ಸುಲಭವಾಗಿ ಜೀರ್ಣವಾಗುವ ಸಂಗತಿಯಲ್ಲ. ಪಾಠ ಮಾಡುವಾಗ ಪ್ರತಿ ವರ್ಷ ಯಾರಾದರೊಬ್ಬ ವಿದ್ಯಾರ್ಥಿನಿ ಎದ್ದುನಿಂತು, ಸರ್, ಇದು ಬೇಕಿತ್ತೇ ಎಂದು ಕೇಳುತ್ತಿದ್ದಳು. ಕಿವುಡು ಮಕ್ಕಳ ಬಗ್ಗೆ ನಾವು ಇವತ್ತು ತಿಳಿದಿರುವುದರಲ್ಲಿ ಒಂದು ಪಾಲು ಆ ಹಕ್ಕಿಗಳ ಋಣ ಎಂದು ಉತ್ತರಿಸುತ್ತಿದ್ದೆ. ಉತ್ತರ ಸರಿಯೇ. ಆದರೆ ಅವಳು ಸಮಾಧಾನವಾಗಿ ಕುಳಿತದ್ದನ್ನು ಒಮ್ಮೆಯೂ ಕಾಣಲಿಲ್ಲ, ನನಗೂ ಪೂರ್ತಿ ಸಮಾಧಾನವಿರಲಿಲ್ಲ.

ಪುಸ್ತಕದಲ್ಲಿ ಓದಿದ್ದನ್ನು ಕಣ್ಣಾರೆ ಕಂಡದ್ದು ನಿವೃತ್ತಿಯ ಮೇಲೆ, ಪಕ್ಕದ ಮನೆಯ ಜಗಲಿಯಲ್ಲಿ. ಆ ಮನೆಯ ಹುಡುಗ ಹಠ ಹಿಡಿದು ಒಂದು ಜೋಡಿ ಜೀಬ್ರಾ ಫಿಂಚ್ ತರಿಸಿಕೊಂಡಿದ್ದ. ಆಸ್ಟ್ರೇಲಿಯಾದ ಹಕ್ಕಿ, ನಮ್ಮ ಹೊಲಗಳ ರಾಟವಾಳದ ಕುಟುಂಬದ್ದೇ. ಹಾಡಿನ ಸಂಶೋಧನೆ ನಡೆಯುವ ವಿಶ್ವವಿದ್ಯಾಲಯಗಳಲ್ಲೆಲ್ಲ ಈಗ ಇದೇ ಹಕ್ಕಿ. ಗಂಡಿನ ಕೆನ್ನೆಯಲ್ಲಿ ಕಿತ್ತಳೆ ಬಣ್ಣದ ಬೊಟ್ಟು, ಕೂಗಿದರೆ ಜಾತ್ರೆಯ ತುತ್ತೂರಿಯ ಪೀಂ ಪೀಂ. ಹಾಡುವುದು ಗಂಡು ಮಾತ್ರ. ಮರಿಗಳಾದವು. ಒಂದು ಮಧ್ಯಾಹ್ನ ನೋಡುತ್ತೇನೆ, ಕಪ್ಪು ಕೊಕ್ಕು ಇನ್ನೂ ಪೂರ್ತಿ ಕಿತ್ತಳೆಗೆ ತಿರುಗಿರದ ಒಂದು ಮರಿ ಪಂಜರದ ಮೂಲೆಯಲ್ಲಿ ಗರಿ ಉಬ್ಬಿಸಿಕೊಂಡು, ಅರ್ಧ ಕಣ್ಣು ಮುಚ್ಚಿ ಕೂತಿದೆ. ಏನೋ ಗೊಣಗುತ್ತಿದೆ. ಹತ್ತಿರ ಹೋಗಿ ಕಿವಿಯಿಟ್ಟರಷ್ಟೇ ಕೇಳುವಷ್ಟು ಸಣ್ಣ ದನಿ. ಚಿರ್, ಚಿಕ್, ಮತ್ತೆ ಉದ್ದದ ಒಂದು ಎಳೆತ, ಮತ್ತೆ ಮೌನ. ಒಂದು ಸಲ ಹೇಳಿದ್ದು ಇನ್ನೊಂದು ಸಲ ಇಲ್ಲ. ಯಾರಿಗೂ ಹೇಳುತ್ತಿರಲಿಲ್ಲ. ತೊಟ್ಟಿಲಲ್ಲಿ ಎಚ್ಚರವಾದ ಮಗು ಯಾರೂ ಇಲ್ಲದಾಗ ಬಬ್ಬಬ್ಬ, ತ್ತತ್ತತ್ತ ಎಂದು ತನ್ನಷ್ಟಕ್ಕೆ ಆಡಿಕೊಳ್ಳುತ್ತದಲ್ಲ, ಅದೇ. ಮುಂದಿನ ವಾರಗಳಲ್ಲಿ ಆ ಗೊಣಗಿನೊಳಗಿಂದ ಅಪ್ಪನ ಹಾಡಿನ ತುಂಡುಗಳು ಒಂದೊಂದೇ ತಲೆಯೆತ್ತಿದವು. ಮೂರು ತಿಂಗಳಾಗುವ ಹೊತ್ತಿಗೆ ಅಪ್ಪ ಮಗ ಯಾರು ಹಾಡುತ್ತಿದ್ದಾರೆಂದು ಅಡುಗೆಮನೆಯಿಂದ ಹೇಳಲಾಗುತ್ತಿರಲಿಲ್ಲ.

ಈ ಗೊಣಗಿಗೆ ಮೆದುಳಿನಲ್ಲಿ ಪ್ರತ್ಯೇಕ ಜಾಗವೇ ಇದೆ ಎಂದು 2008ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ತೋರಿಸಿದರು. ದೊಡ್ಡ ಹಕ್ಕಿಯ ಹಾಡನ್ನು ನಡೆಸುವ ಕೇಂದ್ರವನ್ನು ತೆಗೆದರೂ ಮರಿ ಗೊಣಗುತ್ತಲೇ ಇತ್ತು. ಇನ್ನೊಂದು ಕೇಂದ್ರವನ್ನು ಮುಟ್ಟಿದಾಗ ಗೊಣಗು ನಿಂತಿತು. ಅದಕ್ಕೂ ಮೊದಲು, 2000ದಲ್ಲಿ, ಷಿಕಾಗೊ ವಿಶ್ವವಿದ್ಯಾಲಯದ ಅಮಿಶ್ ದವೆ ಮತ್ತು ಡೇನಿಯಲ್ ಮಾರ್ಗೋಲಿಯಾಶ್ ನಿದ್ದೆಯಲ್ಲಿರುವ ಜೀಬ್ರಾ ಫಿಂಚ್‌ನ ನರಕೋಶಗಳನ್ನು ಆಲಿಸಿದ್ದರು. ಹಗಲು ಹಾಡುವಾಗ ಯಾವ ತಾಳದಲ್ಲಿ ಮಿಡಿದಿದ್ದವೋ ಅದೇ ತಾಳದಲ್ಲಿ ರಾತ್ರಿಯೂ ಕೆಲವು ಕೋಶಗಳು ಮಿಡಿಯುತ್ತಿದ್ದವು. ಹಕ್ಕಿ ನಿದ್ದೆಯಲ್ಲಿ ಪಾಠ ಒಪ್ಪಿಸುತ್ತಿತ್ತು ಎಂದು ನಾನು ಹೇಳಿದರೆ ಅತಿಯಾಗಬಹುದು. ವಿಜ್ಞಾನಿಗಳು ಹಾಗೆ ಹೇಳಲಿಲ್ಲ. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವ ಮಕ್ಕಳಿಗೆ ಈ ಪ್ರಬಂಧವನ್ನು ಓದಿ ಹೇಳಿದ್ದುಂಟು.

ಮೆದುಳಿನ ವಿಷಯ ಬಂದಾಗ ಫರ್ನಾಂಡೊ ನಾಟ್ಟೆಬೋಮ್ ಅವರನ್ನು ಬಿಡುವಂತಿಲ್ಲ. ಅರ್ಜೆಂಟೀನಾದವರು, ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಕ್ಯಾನರಿ ಹಕ್ಕಿಗಳನ್ನು ಇಟ್ಟುಕೊಂಡಿದ್ದರು. ಕ್ಯಾನರಿ ವರ್ಷ ವರ್ಷ ಹೊಸ ಹಾಡು ಸೇರಿಸಿಕೊಳ್ಳುವ ಹಕ್ಕಿ. ವಸಂತದಲ್ಲಿ ಗಂಡಿನ ಮೆದುಳಿನ ಹಾಡಿನ ಕೇಂದ್ರ ದೊಡ್ಡದಾಗಿ, ಹಾಡು ನಿಲ್ಲಿಸುವ ಕಾಲಕ್ಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುವುದನ್ನು ಅವರು 1981ರಲ್ಲಿ ಬರೆದರು. ಎರಡು ವರ್ಷದ ಮೇಲೆ, ಸ್ಟೀವನ್ ಗೋಲ್ಡ್‌ಮನ್ ಜೊತೆ, ಬೆಳೆದ ಹಕ್ಕಿಯ ಮೆದುಳಿನಲ್ಲಿ ಹೊಸ ನರಕೋಶಗಳು ಹುಟ್ಟುತ್ತವೆ ಎಂದು ತೋರಿಸಿದರು. ಹುಟ್ಟಿದಾಗ ಎಷ್ಟು ನರಕೋಶಗಳೋ ಅಷ್ಟೇ, ಮುಂದೆ ಸಾಯುವುದು ಮಾತ್ರ ಎಂದು ನಾನೇ ಪಾಠ ಮಾಡುತ್ತಿದ್ದ ಕಾಲ ಅದು. 1960ರ ದಶಕದಲ್ಲಿ ಜೋಸೆಫ್ ಆಲ್ಟ್‌ಮನ್ ಇಲಿಗಳಲ್ಲಿ ಇದನ್ನೇ ಕಂಡಿದ್ದರು, ಯಾರೂ ಕಿವಿಗೊಟ್ಟಿರಲಿಲ್ಲ. ಹೊಸ ಕೋಶಗಳು ಸುಮ್ಮನೆ ಕೂತಿರಬಹುದೆಂಬ ಸಂದೇಹವೂ 1984ರಲ್ಲಿ ಹೋಯಿತು: ಹಕ್ಕಿಗೆ ಶಬ್ದ ಕೇಳಿಸಿದಾಗ ಅವು ಮಿಡಿದವು. ಮನುಷ್ಯರ ವಿಷಯದಲ್ಲಿ ಈ ಜಗಳ ಇನ್ನೂ ಮುಗಿದಿಲ್ಲ, ನಾನದರೊಳಗೆ ಹೋಗುವುದಿಲ್ಲ.

ಮತ್ತೆ ಹದದ ಮಾತಿಗೆ ಬರುತ್ತೇನೆ. 50 ದಿನ ದಾಟಿದರೆ ಮುಗಿಯಿತು ಎಂದು ಮಾರ್ಲರ್ ಲೆಕ್ಕ ಹಾಕಿದ್ದು ಟೇಪ್ ಕೇಳಿಸಿ. ಲೂಯಿಸ್ ಬಾಪ್ಟಿಸ್ಟಾ ಮತ್ತು ಲೂಯಿಸ್ ಪೆಟ್ರಿನೊವಿಚ್ ಟೇಪನ್ನು ಪಕ್ಕಕ್ಕಿಟ್ಟು ಜೀವಂತ ಹಕ್ಕಿಯನ್ನೇ ಮರಿಯ ನೆರೆಗೆ ಬಿಟ್ಟರು. ಆಗ 50 ದಿನ ದಾಟಿದ ಮರಿಗಳೂ ಕಲಿತವು. ಅದೂ ಎಂಥ ಮೇಷ್ಟರಿಂದ! ಅವರು ತಂದ ಬೇರೆ ಜಾತಿಯ ಹಕ್ಕಿಗಳಲ್ಲಿ ಒಂದು ನಮ್ಮ ಕೆಂಪು ಮುನಿಯಾ. ಹಿಂದೆ ಗುಜರಾತಿನ ಅಹಮದಾಬಾದಿನಿಂದ ಯುರೋಪಿಗೆ ಹೋಗುತ್ತಿದ್ದ ಕಾರಣಕ್ಕೆ ಅದರ ವೈಜ್ಞಾನಿಕ ಹೆಸರಿನಲ್ಲಿ ಆ ಊರಿನ ಹೆಸರೇ ಅಪಭ್ರಂಶವಾಗಿ ಉಳಿದಿದೆ. ಕ್ಯಾಲಿಫೋರ್ನಿಯಾದ ಗುಬ್ಬಿ ಹಿಂದೂಸ್ತಾನದ ಮುನಿಯಾದ ಹಾಡು ಹಾಡಿತು. ಟೇಪಿನಲ್ಲಿ ತನ್ನ ಜಾತಿಯದನ್ನೇ ಆರಿಸುತ್ತಿದ್ದ ಮರಿ, ಎದುರಿಗೆ ಕೂತು ಹಾಡುವ ಜೀವವೊಂದು ಸಿಕ್ಕಾಗ ಜಾತಿ ನೋಡಲಿಲ್ಲ.

ಇದಕ್ಕಿಂತ ಸೋಜಿಗದ್ದು ಕೌಬರ್ಡ್ ಎಂಬ ಅಮೆರಿಕದ ಹಕ್ಕಿಯ ಕಥೆ. ಅದೂ ಪರಪುಟ್ಟವೇ, ಕೋಗಿಲೆಯ ಹಾಗೆ ಮೊಟ್ಟೆಯನ್ನು ಬೇರೆಯವರ ಗೂಡಿನಲ್ಲಿ ಇಟ್ಟುಹೋಗುತ್ತದೆ. ಆದರೆ ಹಾಡುಹಕ್ಕಿ, ಕಲಿಯುವ ಜಾತಿ. ಮೆರೆಡಿತ್ ವೆಸ್ಟ್ ಮತ್ತು ಆಂಡ್ರ್ಯೂ ಕಿಂಗ್ ಎಂಬ ದಂಪತಿ ಎಳೆಯ ಗಂಡುಗಳನ್ನು ಹೆಣ್ಣುಗಳ ಜೊತೆ ಮಾತ್ರ ಇಟ್ಟರು. ಹೆಣ್ಣು ಹಾಡುವುದಿಲ್ಲ. ಆದರೂ ಯಾವ ಊರಿನ ಹೆಣ್ಣಿನ ಜೊತೆ ಇದ್ದವೋ ಆ ಊರಿನ ಧಾಟಿಗೆ ಗಂಡುಗಳ ಹಾಡು ತಿರುಗತೊಡಗಿತು. ಬಾಯಿ ತೆರೆಯದ ಹೆಣ್ಣು ಹಾಡು ಕಲಿಸಿದ್ದು ಹೇಗೆ? ವೀಡಿಯೊ ತೆಗೆದು ನಿಧಾನವಾಗಿ ನೋಡಿದಾಗ ಗುಟ್ಟು ಸಿಕ್ಕಿತು. ಗಂಡು ಏನೇನೋ ಹಾಡುತ್ತಿರುತ್ತದೆ, ಹೆಣ್ಣು ಕದಲುವುದಿಲ್ಲ. ಯಾವುದೋ ಒಂದು ಹಾಡಿಗೆ ಮಾತ್ರ ಒಂದು ರೆಕ್ಕೆಯನ್ನು ಚಟಕ್ಕನೆ ಅಲುಗಿಸಿ ಮಡಿಸುತ್ತದೆ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಷ್ಟು ಚಿಕ್ಕದು. ಗಂಡು ಮಾತ್ರ ತಪ್ಪಿಸಿಕೊಳ್ಳುವುದಿಲ್ಲ. ಮತ್ತೆ ಮತ್ತೆ ಅದೇ ಹಾಡನ್ನು ಹಾಡುತ್ತದೆ. 1988ರ ಪ್ರಬಂಧ ಇದು. ನಮ್ಮ ಸಂಗೀತ ಕಛೇರಿಗಳಲ್ಲಿ ಮುಂದಿನ ಸಾಲಿನ ಹಿರಿಯರೊಬ್ಬರು ತಲೆದೂಗಿದರೆ ಎಳೆಯ ಗಾಯಕ ಅದೇ ಸಂಗತಿಯನ್ನು ಇನ್ನೊಮ್ಮೆ ಹಾಕುವುದಿಲ್ಲವೇ?

ಇದೇ ಇಬ್ಬರು, ಮೈಕೆಲ್ ಗೋಲ್ಡ್‌ಸ್ಟೈನ್ ಎಂಬವರ ಜೊತೆ ಸೇರಿ, 2003ರಲ್ಲಿ ಎಂಟು ತಿಂಗಳ ಆಸುಪಾಸಿನ ಮಕ್ಕಳನ್ನು ಹಿಡಿದರು. ಅರ್ಧ ತಾಯಂದಿರಿಗೆ ಮಗು ತೊದಲಿದ ಕೂಡಲೇ ನಕ್ಕು, ಮುಟ್ಟಿ, ಹತ್ತಿರ ಸರಿಯುವಂತೆ ಹೇಳಿದರು. ಉಳಿದವರೂ ಅಷ್ಟೇ ಸಲ ನಕ್ಕರು, ಮುಟ್ಟಿದರು, ಆದರೆ ಮಗುವಿನ ತೊದಲಿಗೂ ಅದಕ್ಕೂ ಸಂಬಂಧವಿರದಂತೆ. ಮೊದಲ ಗುಂಪಿನ ಮಕ್ಕಳ ತೊದಲು ಆ ಸ್ವಲ್ಪ ಹೊತ್ತಿನಲ್ಲೇ ಮಾತಿನ ಹತ್ತಿರಕ್ಕೆ ಸರಿಯಿತು, ಎರಡನೆಯದರದು ಇದ್ದಲ್ಲೇ ಇತ್ತು. ಬೇಕಾದದ್ದು ಮುದ್ದಿನ ಪ್ರಮಾಣವಲ್ಲ, ಮಗುವಿನ ಸದ್ದಿಗೆ ತಕ್ಷಣ ಸಿಗುವ ಮಾರುತ್ತರ.

ಮಕ್ಕಳಿಗೆ ಬರುವ ಮೊದಲು ಗೂಬೆಯೊಂದನ್ನು ದಾಟಬೇಕು. ಕೊನಿಶಿ ಮುಂದೆ ಹಾಡುಹಕ್ಕಿಯಿಂದ ಕಣಜ ಗೂಬೆಯ ಕಡೆ ತಿರುಗಿದರು. ನಮ್ಮಲ್ಲಿ ಹಳೆಯ ಕಟ್ಟಡಗಳ ಮಾಡಿನಲ್ಲಿರುವ, ಬಿಳಿ ಮುಖದ, ಅಪಶಕುನವೆಂದು ಜನ ಓಡಿಸುವ ಬಡಪಾಯಿ. ಕಗ್ಗತ್ತಲಲ್ಲಿ ಎಲೆಯ ಮೇಲೆ ಇಲಿ ಕಾಲಿಟ್ಟ ಸದ್ದೊಂದೇ ಸಾಕು, ಎರಗುತ್ತದೆ. ಅದರ ಎಡ ಕಿವಿಯ ತೂತು ಬಲ ಕಿವಿಗಿಂತ ಮೇಲಿದೆ. ಎರಡು ಕಿವಿಗೆ ಸದ್ದು ತಲುಪುವ ಹೊತ್ತಿನ ವ್ಯತ್ಯಾಸದಿಂದ ಎಡಬಲವನ್ನೂ, ಜೋರಿನ ವ್ಯತ್ಯಾಸದಿಂದ ಮೇಲುಕೆಳಗನ್ನೂ ಅಳೆಯುತ್ತದೆ. ಕೊನಿಶಿ ಮತ್ತು ಎರಿಕ್ ನುಡ್ಸೆನ್ 1978ರಲ್ಲಿ ಆ ಮೆದುಳಿನೊಳಗೆ ಸದ್ದುಗಳ ಭೂಪಟವನ್ನೇ ಕಂಡರು: ಈ ಕೋಶ ಈ ದಿಕ್ಕಿಗೆ, ಪಕ್ಕದ್ದು ಪಕ್ಕದ ದಿಕ್ಕಿಗೆ. ನುಡ್ಸೆನ್ ಸ್ಟ್ಯಾನ್‌ಫರ್ಡ್‌ನಲ್ಲಿ ಗೂಬೆಗಳಿಗೆ ಕನ್ನಡಕ ಹಾಕಿದರು. ಗೂಬೆಗೆ ಕಣ್ಣುಗುಡ್ಡೆ ತಿರುಗಿಸಲು ಬರುವುದಿಲ್ಲ, ಹಾಗಾಗಿ ಪ್ರಿಸಂ ಕನ್ನಡಕ ಹಾಕಿದರೆ ಲೋಕವೆಲ್ಲ 23 ಡಿಗ್ರಿ ಪಕ್ಕಕ್ಕೆ ಸರಿದಂತೆ. ಮರಿಗೂಬೆಯ ಮೆದುಳು ವಾರಗಳಲ್ಲಿ ಸದ್ದಿನ ಭೂಪಟವನ್ನೇ ಸರಿಸಿ ಕಣ್ಣಿಗೆ ಹೊಂದಿಸಿಕೊಂಡಿತು. ಬೆಳೆದ ಗೂಬೆಗೆ ಆಗಲಿಲ್ಲ. ಎಂದರೆ, ಒಂದೇ ಏಟಿಗೆ 23 ಡಿಗ್ರಿ ಆಗಲಿಲ್ಲ. ಸ್ವಲ್ಪ ಸ್ವಲ್ಪವೇ ಸರಿಸುತ್ತ ಹೋದಾಗ ಸಾಕಷ್ಟು ಹೊಂದಿಕೊಂಡಿತು. ಸತ್ತ ಇಲಿಯನ್ನು ಕೊಡುವ ಬದಲು ಜೀವಂತ ಇಲಿಯನ್ನು ಬಿಟ್ಟು ಬೇಟೆಯಾಡಲು ಬಿಟ್ಟಾಗ ಇನ್ನೂ ಬಹಳ ಹೆಚ್ಚು ಹೊಂದಿಕೊಂಡಿತು. ಹದ ಹೋದ ಹೊಲಕ್ಕೂ ಹಿಂಗಾರು ಬರುವುದುಂಟು, ಬೆಳೆ ಮುಂಗಾರಿನಷ್ಟು ಬಾರದಿರಬಹುದು.

ಈಗ ಮಕ್ಕಳು. ತಟ್ಟೆ ಎನ್ನುವ ಮಾತಿನಲ್ಲಿ ತಕಾರ ಒಂದು, ಟಕಾರ ಒಂದು. ನಮಗೆ ಹಗಲು ರಾತ್ರಿಯಷ್ಟು ವ್ಯತ್ಯಾಸ. ಇಂಗ್ಲಿಷ್ ಮಾತ್ರ ಬಲ್ಲ ಗೆಳೆಯರಿಗೆ ಎರಡನ್ನೂ ಹೇಳಿ ನೋಡಿ, ಹೆಚ್ಚಿನವರಿಗೆ ಒಂದೇ ಸದ್ದು ಕೇಳುತ್ತದೆ. ಕೆನಡಾದಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಹಿಂದಿಯ ಇದೇ ಎರಡು ಅಕ್ಷರಗಳನ್ನು ಇಂಗ್ಲಿಷ್ ಮನೆಗಳ ಕೂಸುಗಳಿಗೆ ಕೇಳಿಸಿದರು. ಒಂದೇ ಅಕ್ಷರ ಬರುತ್ತಿರುತ್ತದೆ, ಇದ್ದಕ್ಕಿದ್ದಂತೆ ಇನ್ನೊಂದಕ್ಕೆ ಬದಲಾಗುತ್ತದೆ. ಬದಲಾವಣೆ ಗುರುತಿಸಿ ಮಗು ತಲೆ ತಿರುಗಿಸಿದರೆ ಪೆಟ್ಟಿಗೆಯೊಳಗೆ ದೀಪ ಹತ್ತಿ ಗೊಂಬೆ ಕುಣಿಯುತ್ತದೆ. ಆರರಿಂದ ಎಂಟು ತಿಂಗಳ ಮಕ್ಕಳು ಸಲೀಸಾಗಿ ತಲೆ ತಿರುಗಿಸಿದರು. ಹತ್ತರಿಂದ ಹನ್ನೆರಡು ತಿಂಗಳ ಮಕ್ಕಳಲ್ಲಿ ಬಹುತೇಕರು ಸುಮ್ಮನೆ ಕೂತರು. 1984ರ ಈ ಪ್ರಬಂಧ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದೆ. ಹುಟ್ಟುವಾಗ ಎಲ್ಲ ಮಕ್ಕಳ ಕಿವಿಯಲ್ಲೂ ನಮ್ಮ ತಟ್ಟೆ ಇದೆ. ಮೊದಲ ಹುಟ್ಟುಹಬ್ಬಕ್ಕೆ ಮುಂಚೆಯೇ, ಒಂದು ಮಾತೂ ಆಡದೆ, ಮಗು ತನ್ನ ಮನೆಯ ನುಡಿಯನ್ನು ಆರಿಸಿಕೊಂಡು ಉಳಿದದ್ದನ್ನು ಬಿಟ್ಟಿರುತ್ತದೆ.

ಹಾಗಾದರೆ ಮೊಬೈಲ್‌ನಲ್ಲಿ ನಾಲ್ಕು ಭಾಷೆಯ ಪದ್ಯ ಹಾಕಿಟ್ಟರೆ ಮಗು ನಾಲ್ಕೂ ಕಲಿಯುತ್ತದೆಯೇ ಎಂದು ಇಲ್ಲಿಗೆ ಬರುವ ಮುಂಚೆಯೇ ಒಬ್ಬ ತಂದೆ ಕೇಳಿದರು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ ಒಂಬತ್ತು ತಿಂಗಳ ಅಮೆರಿಕನ್ ಮಕ್ಕಳಿಗೆ ಚೀನೀ ಭಾಷೆ ಕೇಳಿಸಿದ್ದಾರೆ. ಹನ್ನೆರಡು ಸಲ ಒಬ್ಬರು ನೆಲದ ಮೇಲೆ ಎದುರು ಕೂತು ಆಟವಾಡುತ್ತ ಮಾತಾಡಿದಾಗ ಮಕ್ಕಳು ಆ ಭಾಷೆಯ ಸದ್ದುಗಳ ವ್ಯತ್ಯಾಸ ಹಿಡಿದರು. ಅದೇ ವ್ಯಕ್ತಿ, ಅದೇ ಮಾತು, ವೀಡಿಯೊದಲ್ಲಿ ಬಂದಾಗ ಏನೂ ಕಲಿಯಲಿಲ್ಲ. ಪರದೆಗೆ ರೆಕ್ಕೆ ಅಲುಗಿಸಲು ಬರುವುದಿಲ್ಲ. ಗರ್ಭಕ್ಕೆ ಸಂಗೀತ ಕೇಳಿಸಿದರೆ ಬುದ್ಧಿವಂತ ಮಗು ಹುಟ್ಟುತ್ತದೆ ಎಂದು ಮಾರಾಟವಾಗುವ ಸಾಮಗ್ರಿಗಳ ಬಗ್ಗೆಯೂ ಕೇಳುತ್ತೀರಿ. ಗರ್ಭದಲ್ಲಿ ಕೊನೆಯ ತಿಂಗಳುಗಳಲ್ಲಿ ಮಗುವಿಗೆ ಕೇಳುವುದು ನಿಜ. ಹುಟ್ಟಿದ ಕೂಸು ತಾಯಿಯ ದನಿಯನ್ನು ಬೇರೆ ಹೆಂಗಸಿನ ದನಿಗಿಂತ ಹೆಚ್ಚು ಬಯಸುತ್ತದೆ ಎಂದು 1980ರಲ್ಲೇ ಗೊತ್ತಾಗಿದೆ. ಆ ದನಿ ತಾಯಿ ದಿನವೂ ಸುಮ್ಮನೆ ಮಾತಾಡಿಕೊಂಡಿದ್ದರಿಂದ ಬಂದದ್ದು. ದುಡ್ಡು ಕೊಡಬೇಕಾಗಿಲ್ಲ.

ಹುಟ್ಟಿನಿಂದಲೇ ಕಿವಿ ಕೇಳದ ಮಗುವಿಗೆ ಈ ಎಲ್ಲದರ ಅರ್ಥವೇನು? ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಒಳಗಿವಿಯಲ್ಲಿ ಕೂರಿಸುವ ಶ್ರವಣ ಸಾಧನ, ಹಾಕಿಸಿಕೊಂಡ ಮಕ್ಕಳ ಮೆದುಳಿನ ಅಲೆಗಳನ್ನು ಅನು ಶರ್ಮಾ ಮತ್ತು ಸಂಗಡಿಗರು ಅಳೆದು 2002ರಲ್ಲಿ ಬರೆದರು. ಮೂರೂವರೆ ವರ್ಷದೊಳಗೆ ಹಾಕಿಸಿದ ಮಕ್ಕಳಲ್ಲಿ ಕೆಲವೇ ತಿಂಗಳಲ್ಲಿ ಆ ಅಲೆಗಳು ಓರಗೆಯ ಮಕ್ಕಳ ಹಾಗೆ ಆದವು. ಏಳು ದಾಟಿದವರಲ್ಲಿ ಹೆಚ್ಚಿನವರಿಗೆ ಹಾಗಾಗಲಿಲ್ಲ. ಬರ್ಕ್ಲಿಯ ಗುಬ್ಬಿಯ ಲೆಕ್ಕ ದಿನಗಳಲ್ಲಿ, ನಮ್ಮದು ವರ್ಷಗಳಲ್ಲಿ. ಆದರೆ ನುಡಿಗೆ ಕಿವಿಯೊಂದೇ ದಾರಿ ಎಂದು ತಿಳಿಯಬೇಡಿ. ಸನ್ನೆಭಾಷೆಯ ತಂದೆತಾಯಿಯರ ಕಿವುಡು ಕೂಸುಗಳು ಕೈಬೆರಳುಗಳಲ್ಲಿ ತೊದಲುತ್ತವೆ ಎಂದು ಲಾರಾ ಆನ್ ಪೆಟಿಟೊ 1991ರಲ್ಲಿ ತೋರಿಸಿದ್ದಾರೆ. ಇಂಪ್ಲಾಂಟ್ ಆಗಲಿ ಸನ್ನೆಯಾಗಲಿ, ಹದದ ಕಾಲ ಖಾಲಿ ಹೋಗಬಾರದು.

ಕೊನೆಗೆ ಪ್ರಶ್ನೆಗಳಾದವು. ಹೆಚ್ಚಿನವು ಗಿಳಿ ಮಾತಾಡುವುದರ ಬಗ್ಗೆ. ಎಲ್ಲ ಮುಗಿದು ಕುರ್ಚಿ ಎತ್ತುವಾಗ ಒಬ್ಬ ಅಜ್ಜಿ ಹತ್ತಿರ ಬಂದರು.

"ನನ್ನ ಮೊಮ್ಮಗನಿಗೆ ಎರಡು ತುಂಬಿತು ಸ್ವಾಮಿ. ಇನ್ನೂ ಅಮ್ಮ ಎನ್ನುವುದಿಲ್ಲ. ಗಂಡು ಮಕ್ಕಳು ತಡ, ಅವರಪ್ಪನೂ ತಡ ಮಾಡಿದ್ದ ಎಂದು ಎಲ್ಲರೂ ಹೇಳುತ್ತಾರೆ."

"ಇರಬಹುದು ತಾಯಿ. ಕಿವಿ ತೋರಿಸಿದ್ದೀರಾ?"

"ಬಾಗಿಲು ದಡಾರನೆ ಹಾಕಿದರೆ ಬೆಚ್ಚುತ್ತಾನಲ್ಲ."

"ಬಾಗಿಲಿನ ಸದ್ದು ನೆಲದಲ್ಲೂ ನಡುಗುತ್ತದೆ. ಹಿಂದಿನಿಂದ ಮೆಲ್ಲಗೆ ಹೆಸರು ಹಿಡಿದು ಕರೆದರೆ?"

ಅವರು ಸುಮ್ಮನಾದರು. ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ, ಮೈಸೂರಿನವರು ಆಯಿಷ್ ಎನ್ನುತ್ತಾರಲ್ಲ, ಅಲ್ಲಿಗೆ ನಾಳೆಯೇ ಕರೆದುಕೊಂಡು ಹೋಗಿ ಎಂದೆ. ಪರೀಕ್ಷೆ ನೋವಾಗುತ್ತದೆಯೇ ಎಂದು ಕೇಳಿದರು. ಇಲ್ಲವೆಂದೆ. ಕಿವಿಯೊಳಗೆ ಸಣ್ಣದೊಂದು ಬಿರಡೆ ಇಟ್ಟು ಟಿಕ್ ಟಿಕ್ ಎನ್ನಿಸುತ್ತಾರೆ. ಒಳಗಿವಿಯ ಕೋಶಗಳು ಚೆನ್ನಾಗಿದ್ದರೆ ಅವೇ ತಿರುಗಿ ಬಹಳ ಸಣ್ಣ ಸದ್ದು ಹೊರಡಿಸುತ್ತವೆ, ಯಂತ್ರ ಅದನ್ನು ಹಿಡಿಯುತ್ತದೆ. 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಕಂಡುಹಿಡಿದದ್ದು. ಬೇಕೆನಿಸಿದರೆ ತಲೆಗೆ ತಂತಿ ಅಂಟಿಸಿ, ಸದ್ದಿಗೆ ನರ ಮತ್ತು ಮೆದುಳು ಮಿಡಿಯುವುದನ್ನು ಅಳೆಯುವ ಬೆರಾ ಪರೀಕ್ಷೆಯನ್ನೂ ಮಾಡುತ್ತಾರೆ. ಮಗು ಮಲಗಿದ್ದರೆ ಎಲ್ಲ ಸಲೀಸು.

"ಇವನು ಹಗಲು ಮಲಗುವವನೇ ಅಲ್ಲ" ಎಂದರು ಅಜ್ಜಿ.

"ಬೆಳಿಗ್ಗೆ ಬೇಗ ಎಬ್ಬಿಸಿ, ಬಸ್ಸಿನಲ್ಲಿ ಮಲಗಲು ಬಿಡಬೇಡಿ, ಅಲ್ಲಿ ಹೋದ ಮೇಲೆ ಹೊಟ್ಟೆ ತುಂಬ ಹಾಲು ಕೊಡಿ."

ಅವರು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಎಷ್ಟು ಗಂಟೆಗೆ ತೆರೆಯುತ್ತಾರೆ ಎಂದು ಕೇಳಿದರು.